ಬೀದಿಯಿಂದ ದತ್ತು ಮನೆಯವರೆಗೆ: ರಕ್ಷಿಸಿದ ಪ್ರಾಣಿಗಳ ತಾತ್ಕಾಲಿಕ ಪಾಲನೆ ಎಂದರೇನು, ಅದನ್ನು ಮಾಡುವುದು ಹೇಗೆ

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ನಮ್ಮ ಊರುಗಳಲ್ಲಿ ಬೀದಿನಾಯಿಗಳು ಮರಿ ಹಾಕುವ ಕಾಲ ಆರಂಭವಾಗುತ್ತದೆ. ಅಲ್ಲಿಂದ ಚಳಿ ಕಳೆಯುವವರೆಗೂ ಚರಂಡಿಯ ಚಪ್ಪಡಿಯ ಕೆಳಗೆ, ಅರ್ಧ ಕಟ್ಟಿ ನಿಲ್ಲಿಸಿದ ಮನೆಯ ಮರಳುರಾಶಿಯ ಮಗ್ಗುಲಲ್ಲಿ, ವರ್ಷಗಳಿಂದ ಕದಲದ ಕಾರಿನ ಅಡಿಯಲ್ಲಿ ಮರಿಗಳು ಕಾಣಿಸುತ್ತವೆ. ಕೆಲವು ವಾರಗಳ ನಂತರ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಇರುವುದಿಲ್ಲ. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಸಂಶೋಧಕರು 5 ವರ್ಷಗಳ ಕಾಲ 95 ಸೂಲುಗಳ 364 ಮರಿಗಳನ್ನು ಗಮನಿಸಿ, 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಾಯಕ್ಕೆ ಬರುವವರೆಗೆ ಬದುಕಿ ಉಳಿದದ್ದು ಶೇ 19ರಷ್ಟು ಮಾತ್ರ. ಸತ್ತವುಗಳಲ್ಲಿ ಶೇ 63ರಷ್ಟು ಸಾವುಗಳಿಗೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರೇ ಕಾರಣರಾಗಿದ್ದರು. ಹೀಗೆ ಸಾಯುವ ಮರಿಗಳಲ್ಲಿ ಒಂದಷ್ಟನ್ನಾದರೂ ಉಳಿಸಬೇಕೆಂದು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಎತ್ತಿಕೊಂಡ ಮರಿಯನ್ನು ಎಲ್ಲಿಡುವುದು ಎಂಬುದು. ಆಶ್ರಯಧಾಮಗಳು ತುಂಬಿರುತ್ತವೆ, ದತ್ತು ಪಡೆಯುವವರು ಅದೇ ದಿನ ಸಿಗುವುದಿಲ್ಲ. ಈ ಎರಡರ ನಡುವಿನ ಅವಧಿಯಲ್ಲಿ ಪ್ರಾಣಿಗೆ ತನ್ನ ಮನೆಯಲ್ಲಿ ಜಾಗ ಕೊಟ್ಟು, ಊಟ, ಔಷಧ, ಆರೈಕೆಗಳನ್ನು ನೋಡಿಕೊಂಡು, ಅದಕ್ಕೊಂದು ಕಾಯಂ ಮನೆ ಸಿಕ್ಕ ದಿನ ಒಪ್ಪಿಸಿಬಿಡುವ ಕೆಲಸವೇ ತಾತ್ಕಾಲಿಕ ಪಾಲನೆ. ಈ ಕ್ಷೇತ್ರದಲ್ಲಿ ದುಡಿಯುವವರು ಇದನ್ನು ಫಾಸ್ಟರಿಂಗ್ ಎಂದೂ, ಹಾಗೆ ಜಾಗ ಕೊಟ್ಟ ಮನೆಯನ್ನು ಫಾಸ್ಟರ್ ಮನೆ ಎಂದೂ ಕರೆಯುತ್ತಾರೆ.

ಇದು ದತ್ತು ಪಡೆಯುವುದಕ್ಕಿಂತ ಬೇರೆಯದು. ದತ್ತು ಪಡೆದವರು ಆ ಪ್ರಾಣಿಯ ಆಯುಷ್ಯ ಪೂರ್ತಿಯ, ಎಂದರೆ ಹತ್ತು ಹದಿನೈದು ವರ್ಷಗಳ ಹೊಣೆ ಹೊರುತ್ತಾರೆ. ತಾತ್ಕಾಲಿಕ ಪಾಲಕರ ಹೊಣೆ ಕೆಲವು ವಾರಗಳದ್ದು, ಹೆಚ್ಚೆಂದರೆ ಕೆಲವು ತಿಂಗಳುಗಳದ್ದು. ಅವಧಿ ಚಿಕ್ಕದೆಂದು ಕೆಲಸವನ್ನೂ ಚಿಕ್ಕದೆಂದು ಭಾವಿಸಬಾರದು. ಮರಿಯ ಜೀವನದಲ್ಲಿ ಅತ್ಯಂತ ಅಪಾಯಕಾರಿಯಾದ ವಾರಗಳು ಮತ್ತು ಅದರ ಸ್ವಭಾವವನ್ನು ರೂಪಿಸುವ ವಾರಗಳು ಒಂದರ ಮೇಲೊಂದು ಬೀಳುತ್ತವೆ, ಮತ್ತು ಆ ವಾರಗಳೇ ಫಾಸ್ಟರ್ ಮನೆಯ ಪಾಲಿಗೆ ಬರುತ್ತವೆ. ದಯೆಯುಳ್ಳ ಆಶ್ರಯಧಾಮವೊಂದು, ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ, ಈ ವಾರಗಳಲ್ಲಿ ಒಂದು ಸಾಧಾರಣ ಮನೆ ಕೊಡಬಲ್ಲದ್ದನ್ನು ಏಕೆ ಕೊಡಲಾರದು ಎಂಬುದು ಅರ್ಥವಾದರೆ ಈ ವ್ಯವಸ್ಥೆಯ ತರ್ಕವೆಲ್ಲ ಅರ್ಥವಾದಂತೆ.

ಮೊದಲ ಕಾರಣ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ್ದು. ಹುಟ್ಟಿದ ಮೊದಲ ದಿನ ತಾಯಿಯ ಗಿಣ್ಣುಹಾಲು ಕುಡಿದ ಮರಿಗೆ ತಾಯಿಯ ದೇಹದಲ್ಲಿದ್ದ, ರೋಗಾಣುಗಳೊಡನೆ ಹೋರಾಡುವ ಪ್ರತಿಕಾಯಗಳು ಸಿಗುತ್ತವೆ, ಮತ್ತು ಅವು ಕೆಲವು ವಾರಗಳವರೆಗೆ ಅದನ್ನು ಕಾಯುತ್ತವೆ. ಆದರೆ ಅವೇ ಪ್ರತಿಕಾಯಗಳು ಲಸಿಕೆಯನ್ನೂ ರೋಗಾಣುವೆಂದೇ ಭಾವಿಸಿ ನಿಷ್ಫಲಗೊಳಿಸುತ್ತವೆ. ದಿನ ಕಳೆದಂತೆ ಅವು ಕರಗುತ್ತಾ ಬರುವಾಗ, ರೋಗವನ್ನು ತಡೆಯಲು ಸಾಲದಷ್ಟು ಕಡಿಮೆಯಾದರೂ ಲಸಿಕೆಯನ್ನು ಕೆಡಿಸಲು ಸಾಕಾಗುವಷ್ಟು ಉಳಿದಿರುವ ಒಂದು ನಡುಗಾಲ ಬರುತ್ತದೆ. ಈ ನಡುಗಾಲ ಯಾವ ಮರಿಗೆ ಯಾವ ವಾರದಲ್ಲಿ ಬರುತ್ತದೆಂದು ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಆದುದರಿಂದಲೇ ಪಶುವೈದ್ಯರು 6ರಿಂದ 8 ವಾರದ ವಯಸ್ಸಿನಲ್ಲಿ ಮೊದಲ ಲಸಿಕೆ ಹಾಕಿ, ಮೂರು ನಾಲ್ಕು ವಾರಗಳಿಗೊಮ್ಮೆ ಅದನ್ನು ಮರುಕಳಿಸುತ್ತಾ, ಮರಿಗೆ 16 ವಾರ ತುಂಬುವವರೆಗೆ ಮುಂದುವರಿಸುತ್ತಾರೆ. ಒಂದು ಲಸಿಕೆ ಹಾಕಿಸಿದ ಕೂಡಲೇ ಮರಿ ಸುರಕ್ಷಿತವಾಯಿತು ಎಂದು ನಂಬಿ ಬೀದಿಯಲ್ಲಿ ಅಡ್ಡಾಡಿಸುವವರು ಈ ಸಂಗತಿಯನ್ನು ತಿಳಿದಿರುವುದಿಲ್ಲ.

ಈ ನಡುಗಾಲದಲ್ಲಿ ಕಾದುಕುಳಿತಿರುವ ರೋಗ ಪಾರ್ವೊ. ಅದರ ವೈರಾಣು ಸೋಂಕಿತ ಮರಿಯ ಮಲದಲ್ಲಿ ಅಪಾರ ಸಂಖ್ಯೆಯಲ್ಲಿ ಹೊರಬೀಳುತ್ತದೆ, ಚಪ್ಪಲಿಗೆ, ತಟ್ಟೆಗೆ, ಬಟ್ಟೆಗೆ ಅಂಟಿಕೊಂಡು ಹೋಗುತ್ತದೆ, ಮತ್ತು ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ನಾವು ನೆಲ ಒರೆಸಲು ಬಳಸುವ ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ. ಕೊಳೆಯನ್ನು ಮೊದಲು ಚೆನ್ನಾಗಿ ತೊಳೆದು, 1 ಭಾಗ ಬ್ಲೀಚ್ ದ್ರಾವಣವನ್ನು 30 ಭಾಗ ನೀರಿಗೆ ಬೆರೆಸಿ, ಆ ನೀರು ನೆಲದ ಮೇಲೆ 10 ನಿಮಿಷವಾದರೂ ನಿಲ್ಲುವಂತೆ ಮಾಡಿದರೆ ಮಾತ್ರ ಸಾಯುತ್ತದೆ. ದಿನವೂ ಹೊಸ ಹೊಸ ಪ್ರಾಣಿಗಳು ಬರುವ, ಒಂದೇ ಸಿಬ್ಬಂದಿ ಎಲ್ಲ ಗೂಡುಗಳಿಗೂ ಓಡಾಡುವ ಆಶ್ರಯಧಾಮದಲ್ಲಿ ಈ ವೈರಾಣುವನ್ನು ಸಂಪೂರ್ಣವಾಗಿ ದೂರವಿಡುವುದು ಬಹುತೇಕ ಅಸಾಧ್ಯ. ಬೆಳಿಗ್ಗೆ ಕುಣಿದಾಡುತ್ತಿದ್ದ ಮರಿ ಸಂಜೆಗೆ ಊಟ ಬಿಟ್ಟು ಮೂಲೆ ಸೇರುವುದು, ಮರುದಿನ ವಾಂತಿ ಮತ್ತು ರಕ್ತಮಿಶ್ರಿತ ಭೇದಿ ಆರಂಭವಾಗುವುದು, ಡ್ರಿಪ್ ಹಾಕಿಸಿದರೂ ಕೆಲವೊಮ್ಮೆ ಉಳಿಯದಿರುವುದು ರಕ್ಷಣಾ ಕಾರ್ಯಕರ್ತರೆಲ್ಲರೂ ಕಂಡಿರುವ ಸಂಕಟ. ನಾಯಿಯೇ ಇಲ್ಲದ, ಅಥವಾ ಪೂರ್ಣವಾಗಿ ಲಸಿಕೆ ಪಡೆದ ವಯಸ್ಕ ನಾಯಿ ಮಾತ್ರ ಇರುವ ಮನೆಯೊಂದರ ಕೋಣೆಯಲ್ಲಿ ಈ ಅಪಾಯ ಬಹಳಷ್ಟು ಕಡಿಮೆಯಾಗುತ್ತದೆ.

ಎರಡನೆಯ ಕಾರಣ ಸ್ವಭಾವಕ್ಕೆ ಸಂಬಂಧಿಸಿದ್ದು, ಮತ್ತು ನನ್ನ ದೃಷ್ಟಿಯಲ್ಲಿ ಜನ ಇದನ್ನು ಬಹಳ ಕಡಿಮೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಾಯಿಮರಿಗೆ ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ ಹೊಸದನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವ ಒಂದು ಅವಧಿ ಇರುತ್ತದೆ. ಬೆಕ್ಕಿನ ಮರಿಗೆ ಅದು ಇನ್ನೂ ಬೇಗ, ಸುಮಾರು 2ನೇ ವಾರದಿಂದ 7ನೇ ವಾರದೊಳಗೆ ಮುಗಿದುಹೋಗುತ್ತದೆ. ಆ ಅವಧಿಯಲ್ಲಿ ಮರಿ ಕಂಡದ್ದು, ಕೇಳಿದ್ದು, ಮೂಸಿದ್ದು ಅದರ ಲೋಕದ ಸಹಜ ಭಾಗವಾಗುತ್ತವೆ. ಕಾಣದೇ ಉಳಿದದ್ದು ಮುಂದೆ ಭಯ ಹುಟ್ಟಿಸುತ್ತದೆ. ಕುಕ್ಕರ್ ಕೂಗಿದಾಗ ಬೆಚ್ಚಿ ಮಂಚದ ಅಡಿ ಓಡಿದ 5 ವಾರದ ಮರಿ, ಎರಡು ಮೂರು ದಿನ ಕಳೆಯುವಷ್ಟರಲ್ಲಿ ಅದೇ ಕೂಗಿಗೆ ಕಿವಿ ನಿಮಿರಿಸಿ ಅಡುಗೆಮನೆಯ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ, ಏಕೆಂದರೆ ಆ ಕೂಗಿನ ಹಿಂದೆಯೇ ಊಟ ಬರುತ್ತದೆಂದು ಅದು ಕಲಿತಿರುತ್ತದೆ. ಮಿಕ್ಸಿಯ ಸದ್ದು, ಕರೆಗಂಟೆ, ಕೊಡೆ ಬಿಡಿಸುವುದು, ಕೋಲೂರಿಕೊಂಡು ನಡೆಯುವ ಅಜ್ಜ, ಓಡಾಡುವ ಮಗು, ಹೆಲ್ಮೆಟ್ ಹಾಕಿಕೊಂಡು ಒಳಗೆ ಬರುವವರು, ಸ್ನಾನದ ಮನೆಯ ಜಾರುವ ನೆಲ, ಉಗುರು ಕತ್ತರಿಸಲು ಪಾದ ಹಿಡಿಯುವ ಕೈ, ಇವೆಲ್ಲ ಸಾಮಾನ್ಯ ಮನೆಯಲ್ಲಿ ಯಾರೂ ಪ್ರತ್ಯೇಕವಾಗಿ ಏರ್ಪಡಿಸದೆಯೇ ನಡೆಯುವ ಪಾಠಗಳು. ಗೂಡಿನಲ್ಲಿ ಬೆಳೆದ ಮರಿಗೆ ಈ ಪಾಠಗಳು ತಪ್ಪಿರುತ್ತವೆ. ದತ್ತು ಹೋದ ಮೇಲೆ ಅದು ಹೆದರಿ ಗುರುಗುಟ್ಟುತ್ತದೆ, ಹೆದರಿಕೆಯಿಂದ ಕಚ್ಚುತ್ತದೆ, ಆಗ ಅದನ್ನು ಹಿಂದಿರುಗಿಸುತ್ತಾರೆ ಅಥವಾ ಕಟ್ಟಿಹಾಕಿಯೇ ಬೆಳೆಸುತ್ತಾರೆ. ಆ ನಾಯಿಯ ಹುಟ್ಟುಗುಣವೇ ಕೆಟ್ಟದ್ದು ಎಂದು ಹೇಳುವುದು ಅದಕ್ಕೆ ಮಾಡುವ ಅನ್ಯಾಯ.

ಇಲ್ಲಿ ಒಂದು ಇಕ್ಕಟ್ಟು ಇದೆ: ಲಸಿಕೆ ಪೂರ್ಣವಾಗುವವರೆಗೆ ಮರಿಯನ್ನು ಹೊರಗೆ ಬಿಡಬಾರದು, ಆದರೆ ಲಸಿಕೆ ಪೂರ್ಣವಾಗುವ ಹೊತ್ತಿಗೆ ಕಲಿಯುವ ಅವಧಿ ಮುಗಿದಿರುತ್ತದೆ. ಫಾಸ್ಟರ್ ಮನೆ ಈ ಇಕ್ಕಟ್ಟನ್ನು ಬಿಡಿಸುತ್ತದೆ. ನೆಲಕ್ಕೆ ಬಿಡದೆ ಎತ್ತಿಕೊಂಡೇ ಮರಿಯನ್ನು ಬಾಲ್ಕನಿಗೆ, ಗೇಟಿನವರೆಗೆ, ಮಹಡಿಯ ಮೇಲಕ್ಕೆ ಕರೆದೊಯ್ದು ಬಸ್ಸು, ಆಟೊ, ತರಕಾರಿ ಗಾಡಿಯವರ ಕೂಗು, ದೇವಸ್ಥಾನದ ಗಂಟೆ ಇವುಗಳನ್ನು ದೂರದಿಂದ ಪರಿಚಯಿಸಬಹುದು. ರೋಗದ ಸಂಪರ್ಕವೂ ಇಲ್ಲ, ಅನುಭವದ ಕೊರತೆಯೂ ಇಲ್ಲ.

ವಯಸ್ಕ ನಾಯಿಗಳಿಗೂ ಮನೆಯ ವಾಸ ಎಷ್ಟು ಬೇಗ ಹಿತವಾಗುತ್ತದೆ ಎಂಬುದಕ್ಕೆ ಅಮೆರಿಕದ 5 ಆಶ್ರಯಧಾಮಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಪಷ್ಟ ಸಾಕ್ಷ್ಯ ಕೊಡುತ್ತದೆ. ನಾಯಿಗಳನ್ನು ಒಂದೆರಡು ರಾತ್ರಿಯ ಮಟ್ಟಿಗೆ ಮನೆಗಳಿಗೆ ಕಳುಹಿಸಿ, ಅವುಗಳ ಮೂತ್ರದಲ್ಲಿ ಒತ್ತಡದ ಸೂಚಕವಾದ ಕಾರ್ಟಿಸಾಲ್ ಹಾರ್ಮೋನಿನ ಪ್ರಮಾಣವನ್ನು ಅಳೆದಾಗ, ಮನೆಯಲ್ಲಿದ್ದಾಗ ಅದು ಇಳಿದಿತ್ತು, ಮತ್ತು ಅವು ಎಡೆಬಿಡದೆ ಹೆಚ್ಚು ಹೊತ್ತು ವಿಶ್ರಮಿಸಿದ್ದವು. ಹಿಂದಿರುಗಿದಾಗ ಪ್ರಮಾಣ ಮೊದಲಿದ್ದ ಮಟ್ಟಕ್ಕೆ ಬಂತೇ ಹೊರತು ಅದನ್ನು ಮೀರಲಿಲ್ಲ. ಮನೆ ತೋರಿಸಿ ಮತ್ತೆ ಗೂಡಿಗೆ ಕಳುಹಿಸಿದರೆ ಪ್ರಾಣಿ ಇನ್ನಷ್ಟು ನೊಂದುಕೊಳ್ಳುತ್ತದೆ ಎಂಬ ಭಯದಿಂದ ಹಿಂಜರಿಯುವವರು ಈ ಕೊನೆಯ ಅಂಶವನ್ನು ಗಮನಿಸಬೇಕು.

ಮೂರನೆಯ ಕಾರಣ ಸರಳ ಲೆಕ್ಕ. 30 ಗೂಡುಗಳಿರುವ ಆಶ್ರಯಧಾಮವೊಂದರಲ್ಲಿ ಪ್ರತಿ ಪ್ರಾಣಿ ಸರಾಸರಿ 60 ದಿನ ಉಳಿದರೆ ತಿಂಗಳಿಗೆ 15 ಹೊಸ ಪ್ರಾಣಿಗಳಿಗಷ್ಟೇ ಜಾಗ ಸಿಗುತ್ತದೆ. ಆ 60 ದಿನಗಳಲ್ಲಿ ಅರ್ಧ ಭಾಗ ಫಾಸ್ಟರ್ ಮನೆಗಳಲ್ಲಿ ಕಳೆದರೆ ಅದೇ 30 ಗೂಡುಗಳು ತಿಂಗಳಿಗೆ 30 ಪ್ರಾಣಿಗಳಿಗೆ ಸಾಕಾಗುತ್ತವೆ. ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಡಬೇಕಾಗಿಲ್ಲ. ಬೆಂಗಳೂರಿನಲ್ಲಿ 2023ರ ಗಣತಿಯ ಪ್ರಕಾರ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. 2019ರಲ್ಲಿದ್ದ 3.10 ಲಕ್ಷಕ್ಕೆ ಹೋಲಿಸಿದರೆ ಇದು ಇಳಿಕೆಯೇ, ಆದರೂ ನಗರದಲ್ಲಿರುವ ಆಶ್ರಯಧಾಮಗಳ ಸಾಮರ್ಥ್ಯಕ್ಕೆ ಈ ಸಂಖ್ಯೆ ಯಾವ ವಿಧದಲ್ಲೂ ಹೊಂದುವುದಿಲ್ಲ. ಅದರ ಮೇಲೆ, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂತಹ ಆವರಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಶ್ರಯಧಾಮಗಳಿಗೆ ಸಾಗಿಸಬೇಕೆಂದು 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಿಂದ ಜಾಗದ ಒತ್ತಡ ಇನ್ನಷ್ಟು ಹೆಚ್ಚಿದೆ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಕ್ಯೂಪಾದಂತಹ ಹಳೆಯ ಸಂಸ್ಥೆಗಳಿಂದ ಹಿಡಿದು, ನಾಲ್ಕಾರು ಗೆಳೆಯರು ಸೇರಿ ಫೋನಿನಲ್ಲೇ ನಡೆಸುವ ಸಣ್ಣ ಗುಂಪುಗಳವರೆಗೆ, ಪ್ರಾಣಿಗಳಿಗೆ ಮನೆ ಹುಡುಕುವ ಯಾರನ್ನು ಕೇಳಿದರೂ ಹಣಕ್ಕಿಂತ ಮೊದಲು ಅವರು ಕೇಳುವುದು ಜಾಗವನ್ನೇ.

ಹಾಗೆಂದು ಕಣ್ಣಿಗೆ ಬಿದ್ದ ಪ್ರಾಣಿಯನ್ನೆಲ್ಲ ಮನೆಗೆ ತರುವುದು ದಯೆಯಲ್ಲ. ಮರಿಗಳು ಬೆಚ್ಚಗೆ, ಹೊಟ್ಟೆ ತುಂಬಿ, ಒಂದರ ಮೇಲೊಂದು ಮಲಗಿದ್ದರೆ ತಾಯಿ ಆಹಾರಕ್ಕಾಗಿ ಹೋಗಿದ್ದಾಳೆ ಎಂದೇ ತಿಳಿಯಬೇಕು. ದೂರ ನಿಂತು ಕೆಲವು ಗಂಟೆ ಕಾದು ನೋಡಬೇಕು. ತಾಯಿಬೆಕ್ಕು ಜಾಗ ಬದಲಿಸುವಾಗ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗುವುದರಿಂದ, ಒಂಟಿಯಾಗಿ ಕಂಡ ಮರಿ ಅನಾಥವಾಗಿರದೆ ತನ್ನ ಸರದಿಗಾಗಿ ಕಾಯುತ್ತಿರಲೂಬಹುದು. ತಾಯಿ ಇರುವಷ್ಟು ಕಾಲ ತಾಯಿಯ ಆರೈಕೆಗೆ ಸಮನಾದದ್ದು ಯಾವುದೂ ಇಲ್ಲ. ಅಲ್ಲಿಯೇ ಬಾಣಂತಿ ನಾಯಿಗೆ ದಿನವೂ ಒಳ್ಳೆಯ ಊಟ ಹಾಕಿ, ಮರಿಗಳ ಮೇಲೆ ಮಳೆ ಬೀಳದಂತೆ ಒಂದು ಮರೆ ಕಟ್ಟಿಕೊಟ್ಟರೆ ಅದೇ ದೊಡ್ಡ ಸಹಾಯ. ಆರೋಗ್ಯವಂತ ವಯಸ್ಕ ಬೀದಿನಾಯಿಯ ವಿಷಯದಲ್ಲಿ ಕಾನೂನೇ ಸ್ಪಷ್ಟವಾಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ರಚಿತವಾದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಸಂತಾನಶಕ್ತಿಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಮುಗಿದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು; ಮೇಲೆ ಹೇಳಿದ ಸುಪ್ರೀಂ ಕೋರ್ಟ್ ನಿರ್ದೇಶನಕ್ಕೆ ಒಳಪಟ್ಟ ಆವರಣಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಚಿಕಿತ್ಸೆಗೆಂದು ಮನೆಯಲ್ಲಿಟ್ಟುಕೊಂಡ ಬೀದಿನಾಯಿಯನ್ನು ಗುಣವಾದ ಮೇಲೆ ಊರಾಚೆ ಒಯ್ದು ಬಿಡುವವರಿದ್ದಾರೆ. ಅಪರಿಚಿತ ಬೀದಿಯಲ್ಲಿ ಅಲ್ಲಿನ ನಾಯಿಗಳು ಅದರ ಮೇಲೆ ಬೀಳುತ್ತವೆ, ಅದಕ್ಕೆ ನೀರು ಎಲ್ಲಿದೆ, ಅನ್ನ ಹಾಕುವ ಮನೆ ಯಾವುದು ಎಂಬುದೂ ತಿಳಿದಿರುವುದಿಲ್ಲ.

ಇನ್ನು ಗಿಳಿ, ಗೂಬೆ, ಹದ್ದು, ಅಳಿಲು, ಮಂಗ, ಕಾಡುಪಾಪ, ನಕ್ಷತ್ರ ಆಮೆ ಮುಂತಾದ ಕಾಡುಜೀವಿಗಳ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಂತಹ ಜೀವಿಗಳನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಅವಕಾಶ ಕೊಡುವುದಿಲ್ಲ, ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ. ಕಾನೂನನ್ನು ಬದಿಗಿಟ್ಟು ನೋಡಿದರೂ, ಮನುಷ್ಯರ ಕೈತುತ್ತಿಗೆ ಒಗ್ಗಿಹೋದ ಹಕ್ಕಿ ಕಾಡಿನಲ್ಲಿ ಬದುಕಲಾರದು. ಗಾಯಗೊಂಡ ಜೀವಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ ಮಾಡಿಟ್ಟು, ಬಾಯಿಗೆ ನೀರು ಹಿಂಡದೆ, ಅರಣ್ಯ ಇಲಾಖೆಗೆ ಅಥವಾ ಬೆಂಗಳೂರಿನ ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಂತಹ ಕಡೆಗೆ ತಲುಪಿಸುವುದಷ್ಟೇ ನಮ್ಮ ಕೆಲಸ.

ಹಾಗಾದರೆ ಫಾಸ್ಟರ್ ಮನೆ ಹೇಗಿರಬೇಕು? ಅಂಗಳವಿರುವ ದೊಡ್ಡ ಮನೆಯೇ ಬೇಕೆಂದಿಲ್ಲ. ಬಾಗಿಲು ಹಾಕಬಹುದಾದ ಒಂದು ಸಣ್ಣ ಕೋಣೆ, ಇಲ್ಲವೇ ಬಟ್ಟೆ ಒಗೆಯುವ ಯುಟಿಲಿಟಿ ಜಾಗ, ತೊಳೆಯಲು ಸುಲಭವಾದ ನೆಲ, ಬಿಸಿಲು ಮತ್ತು ಗಾಳಿ ಇದ್ದರೆ ಸಾಕು. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಏಕೆಂದರೆ ಎರಡನೆಯ ವಾರದಲ್ಲಿ ಮರಿಯನ್ನು ಹೊರಹಾಕಬೇಕಾಗಿ ಬಂದರೆ ಮರಿಗೇ ನಷ್ಟ. ಅಪಾರ್ಟ್‌ಮೆಂಟುಗಳ ಸಂಘಗಳು ಸಾಕುಪ್ರಾಣಿಗಳನ್ನು ಸಾರಾಸಗಟಾಗಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲೇ ಹೇಳಿದೆ; ಆದರೂ ಅಕ್ಕಪಕ್ಕದವರೊಡನೆ ಮುಂಚಿತವಾಗಿ ಮಾತಾಡಿಕೊಳ್ಳುವುದರಿಂದ ಆಗುವ ಉಪಕಾರ ಸುತ್ತೋಲೆ ತೋರಿಸುವುದರಿಂದ ಆಗುವುದಿಲ್ಲ. ಮನೆಯಲ್ಲಿ ಈಗಾಗಲೇ ನಾಯಿ ಅಥವಾ ಬೆಕ್ಕು ಇದ್ದರೆ ಅದರ ಲಸಿಕೆಗಳು ಪೂರ್ಣವಾಗಿರಬೇಕು, ಮತ್ತು ಹೊಸದಾಗಿ ಬಂದದ್ದನ್ನು ಕನಿಷ್ಠ 14 ದಿನ ಪ್ರತ್ಯೇಕವಾಗಿಡಬೇಕು. ಪಾರ್ವೊ ಸಾಮಾನ್ಯವಾಗಿ ಸೋಂಕು ತಗುಲಿದ ಒಂದು ವಾರದೊಳಗೆ ಹೊರಬೀಳುತ್ತದೆ, ಆದರೆ ಕಣ್ಣು ಮೂಗುಗಳಲ್ಲಿ ಕೀವು ಸುರಿಸಿ ಕೊನೆಗೆ ನರಗಳನ್ನೇ ಹಿಡಿಯುವ ಡಿಸ್ಟೆಂಪರ್ ಅದಕ್ಕಿಂತ ಹೆಚ್ಚು ದಿನ ಅಡಗಿರಬಲ್ಲದು. ಆ ಕೋಣೆಗೆ ಬೇರೆ ಚಪ್ಪಲಿ, ಬೇರೆ ತಟ್ಟೆ, ಬೇರೆ ಒರೆಸುವ ಬಟ್ಟೆ, ಹೊರಬಂದ ಕೂಡಲೇ ಸೋಪು ಹಚ್ಚಿ ಕೈತೊಳೆಯುವುದು, ಇಷ್ಟನ್ನು ಮನೆಯವರೆಲ್ಲರೂ ತಪ್ಪದೆ ಪಾಲಿಸಬೇಕು.

ತಾಯಿಯಿಲ್ಲದ ಎಳೆಮರಿಗಳ ಪಾಲನೆ ಎಲ್ಲಕ್ಕಿಂತ ಕಷ್ಟದ್ದು, ಮತ್ತು ಒಳ್ಳೆಯ ಮನಸ್ಸಿನವರ ಕೈಯಲ್ಲೇ ಹೆಚ್ಚು ಅನಾಹುತಗಳಾಗುವುದೂ ಇಲ್ಲಿಯೇ. ಮರಿ ಸಿಕ್ಕ ಕೂಡಲೇ ಎಲ್ಲರ ಮನಸ್ಸಿಗೂ ಬರುವುದು ಹಾಲು ಕುಡಿಸುವ ಯೋಚನೆ. ಆದರೆ ಮೊದಲು ಬೇಕಾದದ್ದು ಕಾವು. ಮೊದಲ ಕೆಲವು ವಾರಗಳಲ್ಲಿ ಮರಿ ತನ್ನ ಮೈಯ ಉಷ್ಣತೆಯನ್ನು ತಾನೇ ಕಾಪಾಡಿಕೊಳ್ಳಲಾರದು, ಮತ್ತು ಮೈ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ. ಆ ಸ್ಥಿತಿಯಲ್ಲಿ ಕುಡಿಸಿದ ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ. ರಟ್ಟಿನ ಪೆಟ್ಟಿಗೆಗೆ ಹಳೆಯ ಲುಂಗಿಯನ್ನೋ ಸೀರೆಯನ್ನೋ ಮಡಿಸಿ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಬದಿಗೆ ಮಾತ್ರ ಇಡಬೇಕು. ಸೆಕೆಯೆನಿಸಿದರೆ ಮರಿ ತೆವಳಿಕೊಂಡು ಇನ್ನೊಂದು ಬದಿಗೆ ಹೋಗುವಂತಿರಬೇಕು. ಬಾಯಿಯೊಳಗೆ ಬೆರಳಿಟ್ಟಾಗ ಬೆಚ್ಚಗಿದ್ದು, ಮರಿ ಅದನ್ನು ಚೀಪಲು ಶುರುಮಾಡಿದ ಮೇಲೆಯೇ ಹಾಲಿನ ಮಾತು.

ಆ ಹಾಲು ಹಸುವಿನದ್ದಾಗಿರಬಾರದು. ನಾಯಿಯ ಹಾಲಿನಲ್ಲಿ ಪ್ರೋಟೀನ್ ಮತ್ತು ಕೊಬ್ಬು ಹಸುವಿನ ಹಾಲಿನಲ್ಲಿರುವುದರ ಎರಡು ಪಟ್ಟಿನಷ್ಟಿದ್ದು, ಲ್ಯಾಕ್ಟೋಸ್ ಎಂಬ ಸಕ್ಕರೆ ಕಡಿಮೆ ಇರುತ್ತದೆ. ಹಸುವಿನ ಹಾಲಿನಿಂದ ಮರಿಗೆ ಬೇಕಾದ ಪುಷ್ಟಿ ಸಿಗುವುದಿಲ್ಲ, ಬೇಡದ ಸಕ್ಕರೆ ಭೇದಿಗೆ ಕಾರಣವಾಗುತ್ತದೆ, ಭೇದಿಯಾದ ಎಳೆಮರಿ ಒಂದೇ ದಿನದಲ್ಲಿ ನೀರಿನಂಶ ಕಳೆದುಕೊಳ್ಳುತ್ತದೆ. ಪ್ರಾಣಿಗಳ ಔಷಧದ ಅಂಗಡಿಯಲ್ಲಿ ನಾಯಿಮರಿಗಳಿಗೂ ಬೆಕ್ಕಿನ ಮರಿಗಳಿಗೂ ಬೇರೆಬೇರೆಯಾಗಿ ತಯಾರಿಸಿದ ಹಾಲಿನ ಪುಡಿ ಸಿಗುತ್ತದೆ. ಅದನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕದಡಿ, ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟುಕೊಂಡು ಉಗುರುಬೆಚ್ಚಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಕೂಸನ್ನು ಮಲಗಿಸಿಕೊಳ್ಳುವಂತೆ ಮರಿಯನ್ನು ಅಂಗಾತ ಮಲಗಿಸಿ ಕುಡಿಸುವುದು ನಮ್ಮ ಕೈಗೆ ಸಹಜವಾಗಿ ಬರುವ ರೀತಿ, ಮತ್ತು ಅದೇ ಅತ್ಯಂತ ಅಪಾಯಕಾರಿ, ಏಕೆಂದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡಾಗ ಹೇಗಿರುತ್ತದೋ ಹಾಗೆ, ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪವೇ ಮೇಲಾಗಿ, ಮುಂಗಾಲುಗಳು ಟವೆಲ್ಲನ್ನು ಒತ್ತುವಂತೆ ಇರಿಸಿ, ಅದು ಚೀಪಿದಷ್ಟನ್ನೇ ಕೊಡಬೇಕು, ಹಿಂಡಬಾರದು. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಈ ಕೆಲಸ ನಡೆಯಬೇಕು. ಕುಡಿಸಿದ ಮೇಲೆ, ತಾಯಿ ನೆಕ್ಕಿ ಮಾಡಿಸುವ ಕೆಲಸವನ್ನು ಬೆಚ್ಚನೆ ನೀರಿನಲ್ಲಿ ಅದ್ದಿದ ಹತ್ತಿಯಿಂದ ನಾವು ಮಾಡಬೇಕು. ಹಾಗೆ ಮೆಲ್ಲಗೆ ಒರೆಸಿದರೆ ಮಾತ್ರ ಮೊದಲ ಎರಡು ಮೂರು ವಾರಗಳ ಮರಿ ಮಲಮೂತ್ರ ವಿಸರ್ಜಿಸಬಲ್ಲದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಬೇಕು. ಹುಟ್ಟಿದ ಎಂಟು ಹತ್ತು ದಿನಗಳಲ್ಲಿ ತೂಕ ಇಮ್ಮಡಿಯಾಗುವುದು ಆರೋಗ್ಯದ ಲಕ್ಷಣ. ಒಂದು ದಿನ ತೂಕ ಏರದಿದ್ದರೆ ಕಣ್ಣಿಗೆ ಏನೂ ಕಾಣಿಸದಿದ್ದರೂ ವೈದ್ಯರಿಗೆ ಫೋನ್ ಮಾಡುವ ಹೊತ್ತು ಬಂದಿದೆ ಎಂದೇ ಅರ್ಥ.

ನಾಲ್ಕನೇ ವಾರದ ಸುಮಾರಿಗೆ ಗಟ್ಟಿ ಆಹಾರ ಶುರುವಾಗುತ್ತದೆ. ನಮ್ಮಲ್ಲಿ ನಾಯಿಯ ಊಟವೆಂದರೆ ಮೊಸರನ್ನ ಎಂದೇ ಆಗಿಹೋಗಿದೆ. ಹೊಟ್ಟೆ ತುಂಬುವುದೇನೋ ನಿಜ, ಆದರೆ ಬೆಳೆಯುವ ಮರಿಗೆ ಅದರಲ್ಲಿ ಪ್ರೋಟೀನ್ ಸಾಲದು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಅಥವಾ ಮರಿಗಳಿಗೆಂದೇ ತಯಾರಾದ ಆಹಾರವನ್ನು ನೆನೆಸಿ ಮಿದ್ದು ಕೊಡಬೇಕು. ಮನೆಯಲ್ಲಿ ಮಾಂಸ ತಾರದವರು ಈ ಸಿದ್ಧ ಆಹಾರದಿಂದಲೇ ನಿಭಾಯಿಸಬಹುದು, ಮತ್ತು ಆ ವಿಷಯವನ್ನು ಸಂಸ್ಥೆಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವ ಕಾರಣಕ್ಕೂ ಬೇಡ. ಜ್ವರವೆಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನು ಬೆಕ್ಕಿಗೆ ಕೊಟ್ಟರೆ ಅದು ಸಾಯುತ್ತದೆ. ನಾಯಿಯ ಉಣುಗು ಮತ್ತು ಚಿಗಟಗಳಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಔಷಧವೂ ಬೆಕ್ಕಿಗೆ ವಿಷವೇ.

ರೇಬೀಸ್ ಬಗ್ಗೆ ಎರಡು ಮಾತಿಲ್ಲದೆ ಹೇಳಬೇಕು. ಮರಿಗಳಿಗೆ ರೇಬೀಸ್ ಇರುವುದಿಲ್ಲ ಎಂಬ ನಂಬಿಕೆ ತಪ್ಪು; ಸೋಂಕಿತ ಪ್ರಾಣಿ ಕಚ್ಚಿದ್ದರೆ ಮರಿಗೂ ಬರುತ್ತದೆ, ಮತ್ತು ಅದರ ಲಸಿಕೆ ಹಾಕುವುದು 3 ತಿಂಗಳು ತುಂಬಿದ ಮೇಲೆ. ಆದುದರಿಂದ ಈ ಕೆಲಸಕ್ಕೆ ಇಳಿಯುವವರು ವೈದ್ಯರನ್ನು ಕಂಡು ಮುಂಚಿತವಾಗಿಯೇ ತಾವು ರೇಬೀಸ್ ಲಸಿಕೆ ಪಡೆಯುವುದು ಉಚಿತ. ಹಾಗೆ ಪಡೆದವರಿಗೆ ಮುಂದೆ ಕಚ್ಚಿದಾಗ ಕಡಿಮೆ ಡೋಸ್‌ಗಳು ಸಾಕಾಗುತ್ತವೆ, ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದಿನ ಅಗತ್ಯ ಬೀಳುವುದಿಲ್ಲ. ಕಚ್ಚಲಿ, ಪರಚಲಿ, ಗಾಯವಿರುವ ಚರ್ಮವನ್ನು ನೆಕ್ಕಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು. ಆಟದಲ್ಲಿ ಹಲ್ಲು ತಾಗಿತಷ್ಟೇ ಎಂದು ಸುಮ್ಮನಿರುವ ವಿಷಯ ಇದಲ್ಲ, ಏಕೆಂದರೆ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಚಿಕಿತ್ಸೆಯಿಲ್ಲ.

ಎಳೆಮರಿಗಳಿಗೆ ರಾತ್ರಿ ಎದ್ದೇಳಲಾಗದವರಿಗೂ ಇಲ್ಲಿ ಕೆಲಸವಿದೆ. ಗಾಡಿ ಬಡಿದು ಮೂಳೆ ಮುರಿದ ನಾಯಿಗೆ ಶಸ್ತ್ರಚಿಕಿತ್ಸೆಯ ನಂತರ ಆರೇಳು ವಾರ ಓಡಾಡದಂತೆ ಒಂದು ಕಡೆ ಇರಲು ಜಾಗ ಬೇಕು. ಬೀದಿಯಲ್ಲಿ ಅದು ಸಾಧ್ಯವಿಲ್ಲ. ದುಡ್ಡು ಕೊಟ್ಟು ತಂದು, ವಯಸ್ಸಾದ ಮೇಲೋ ಕಾಯಿಲೆ ಬಂದ ಮೇಲೋ ರಸ್ತೆಯಲ್ಲಿ ಬಿಟ್ಟುಹೋದ ಲ್ಯಾಬ್ರಡಾರ್, ಪಗ್, ಹಸ್ಕಿಗಳಿಗೆ ಬೀದಿಯಲ್ಲಿ ಬದುಕುವ ವಿದ್ಯೆಯೇ ಗೊತ್ತಿಲ್ಲ. ಇಂತಹ ನಾಯಿ ಮೊದಲ ದಿನಗಳಲ್ಲಿ ಊಟ ಮುಟ್ಟದೆ ಬಾಗಿಲಿಗೇ ಮುಖ ಮಾಡಿ ಕುಳಿತಿರಬಹುದು. ಅದರ ತಲೆ ಸವರಲು, ಎತ್ತಿ ಮುದ್ದಾಡಲು, ನೆಂಟರನ್ನು ಕರೆದು ತೋರಿಸಲು ಹೋಗದೆ, ನೀರು ಮತ್ತು ಊಟವನ್ನು ಹತ್ತಿರವಿಟ್ಟು, ಅದೇ ಕೋಣೆಯಲ್ಲಿ ಸುಮ್ಮನೆ ಪುಸ್ತಕ ಓದುತ್ತಾ ಕುಳಿತುಕೊಳ್ಳುವುದು ಅದಕ್ಕೆ ಮಾಡುವ ದೊಡ್ಡ ಉಪಕಾರ. ಅದು ತಾನಾಗಿ ಎದ್ದು ಬಂದು ಮೂಸುವವರೆಗೆ ಕಾಯಬೇಕು.

ಹಣ ಮತ್ತು ಹೊಣೆಯ ವಿಷಯವನ್ನು ಸಂಕೋಚಪಡದೆ ಮೊದಲ ದಿನವೇ ಬರೆದುಕೊಳ್ಳಬೇಕು. ಸಾಮಾನ್ಯವಾಗಿ ಲಸಿಕೆ, ಔಷಧ, ಆಸ್ಪತ್ರೆಯ ಖರ್ಚನ್ನು ಸಂಸ್ಥೆ ವಹಿಸಿಕೊಂಡು ಊಟ ಮತ್ತು ದಿನನಿತ್ಯದ ಆರೈಕೆಯನ್ನು ಫಾಸ್ಟರ್ ಮನೆಗೆ ಬಿಡುತ್ತದೆ, ಆದರೆ ಎಲ್ಲ ಕಡೆಯೂ ಹೀಗೆಯೇ ಇರುತ್ತದೆಂದು ಎಣಿಸಬಾರದು. ಮಧ್ಯರಾತ್ರಿ ಮರಿಗೆ ಫಿಟ್ಸ್ ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು, ಊರಿಗೆ ಹೋಗಬೇಕಾಗಿ ಬಂದರೆ ಆ ದಿನಗಳಲ್ಲಿ ಯಾರು ನೋಡಿಕೊಳ್ಳುತ್ತಾರೆ, ಎರಡು ತಿಂಗಳಾದರೂ ದತ್ತು ಪಡೆಯುವವರು ಸಿಗದಿದ್ದರೆ ಮುಂದೇನು ಎಂಬ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಇರಬೇಕು. ಮರಿಯನ್ನು ಇಳಿಸಿ ಹೋದ ಮೇಲೆ ಫೋನ್ ಎತ್ತದವರ ಪರವಾಗಿ ಈ ಕೆಲಸ ಒಪ್ಪಿಕೊಳ್ಳಲೇಬಾರದು. ಹಾಗೆಯೇ, ದತ್ತು ಯಾರಿಗೆ ಎಂಬ ಕೊನೆಯ ತೀರ್ಮಾನ ಸಂಸ್ಥೆಯದು ಎಂಬುದನ್ನು ಪಾಲಕರೂ ಒಪ್ಪಿರಬೇಕು. ಅವರು ಹೇಳದೆ ಕೇಳದೆ ಪರಿಚಯದವರಿಗೆ ಕೊಟ್ಟುಬಿಟ್ಟರೆ ಆ ಪ್ರಾಣಿಯ ಜಾಡೇ ತಪ್ಪಿಹೋಗುತ್ತದೆ.

ತೀರ್ಮಾನ ಸಂಸ್ಥೆಯದಾದರೂ ಅದಕ್ಕೆ ಬೇಕಾದ ತಿಳಿವಳಿಕೆ ಇರುವುದು ಪಾಲಕರ ಬಳಿ. ಗೂಡಿನಲ್ಲಿರುವ ನಾಯಿಯ ಬಗ್ಗೆ ವಯಸ್ಸು, ಬಣ್ಣ, ಲಸಿಕೆಯ ದಿನಾಂಕ ಹೇಳಬಹುದೇ ಹೊರತು, ಅದು ಒಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು, ಪಟಾಕಿಗೆ ಎಷ್ಟು ಹೆದರುತ್ತದೆ, ಮಕ್ಕಳೊಡನೆ ಹೇಗೆ, ಬೆಕ್ಕನ್ನು ಕಂಡರೆ ಏನು ಮಾಡುತ್ತದೆ, ತಟ್ಟೆಯ ಹತ್ತಿರ ಹೋದರೆ ಗುರುಗುಟ್ಟುತ್ತದೆಯೇ ಎಂಬುದನ್ನು ಹೇಳಲಾಗುವುದಿಲ್ಲ. ಇವನ್ನೆಲ್ಲ ಫಾಸ್ಟರ್ ಮನೆಯವರು ದಿನವೂ ಕಂಡಿರುತ್ತಾರೆ. ದತ್ತು ಪಡೆಯಲು ಬಂದವರಿಗೆ ಮುದ್ದಾದ ಫೋಟೊದ ಜೊತೆಗೆ ಈ ಎಲ್ಲವನ್ನೂ, ಕೊರತೆಗಳನ್ನೂ ಸೇರಿಸಿ, ಉಳಿದದ್ದನ್ನು ಮುಚ್ಚಿಡದೆ ಹೇಳಬೇಕು. ದಿನಕ್ಕೆ ಹತ್ತು ಗಂಟೆ ಮನೆ ಬೀಗ ಹಾಕಿರುವ ದಂಪತಿಗೆ ಒಂಟಿತನ ಸಹಿಸದ ಮರಿಯನ್ನು ಕೊಡಬಾರದೆಂದು ಹೇಳುವ ಧೈರ್ಯವೂ ಅವರಿಗೆ ಬೇಕು.

ಒಪ್ಪಿಸುವ ದಿನ ಅಳು ಬರುತ್ತದೆ, ಅದನ್ನು ಬಾರದಂತೆ ಮಾಡುವ ಉಪಾಯವಿಲ್ಲ. ಇಷ್ಟು ದಿನ ಸಾಕಿ ಕೊಟ್ಟುಬಿಡಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಮರಿಯ ಕಡೆಯಿಂದ ನೋಡಿದರೆ, ಮನುಷ್ಯರನ್ನು ನಂಬಲು ಒಮ್ಮೆ ಕಲಿತ ಪ್ರಾಣಿ ಆ ನಂಬಿಕೆಯನ್ನು ಹೊಸ ಮನೆಗೂ ಒಯ್ಯುತ್ತದೆ. ಬಹುಪಾಲು ಮರಿಗಳು ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತವೆ. ಕೆಲವು ಪಾಲಕರು ಆ ಪ್ರಾಣಿಯನ್ನು ತಾವೇ ಇಟ್ಟುಕೊಳ್ಳಲು ತೀರ್ಮಾನಿಸುತ್ತಾರೆ. ಹದಿನೈದು ವರ್ಷದ ಹೊಣೆಯನ್ನು ಯೋಚಿಸಿ ಒಪ್ಪಿಕೊಂಡಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಬೇರೆಯವರು ತನ್ನಷ್ಟು ಚೆನ್ನಾಗಿ ನೋಡಿಕೊಳ್ಳಲಾರರು ಎಂಬ ಒಂದೇ ಕಾರಣಕ್ಕೆ ಒಂದಾದ ಮೇಲೊಂದನ್ನು ಇಟ್ಟುಕೊಳ್ಳುತ್ತಾ ಹೋದ ಮನೆಯಲ್ಲಿ ಕೊನೆಗೆ ಯಾವ ಪ್ರಾಣಿಗೂ ಸರಿಯಾದ ಆರೈಕೆ ಸಿಗುವುದಿಲ್ಲ, ಮುಂದಿನ ಮರಿಗೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಒಪ್ಪಿಸುವಾಗ ಲಸಿಕೆ ಮತ್ತು ಜಂತುಹುಳುವಿನ ಔಷಧದ ಪುಸ್ತಕ, ಮುಂದಿನ ಡೋಸ್‌ನ ದಿನಾಂಕ, ಸಂತಾನಶಕ್ತಿಹರಣ ಚಿಕಿತ್ಸೆಯನ್ನು ಇಂತಿಷ್ಟು ತಿಂಗಳೊಳಗೆ ಮಾಡಿಸುತ್ತೇವೆಂಬ ಬರಹದ ಒಪ್ಪಿಗೆ, ಒಂದು ವಾರಕ್ಕೆ ಸಾಕಾಗುವಷ್ಟು ಈಗ ತಿನ್ನುತ್ತಿರುವ ಆಹಾರ, ಮತ್ತು ಮರಿ ಮಲಗುತ್ತಿದ್ದ ಬಟ್ಟೆಯನ್ನು ತೊಳೆಯದೆ ಜೊತೆಗೆ ಕಳುಹಿಸಬೇಕು. ಪರಿಚಿತ ವಾಸನೆ ಇದ್ದರೆ ಮೊದಲ ರಾತ್ರಿಗಳ ಅಳು ಕಡಿಮೆಯಾಗುತ್ತದೆ. ಹೊಸ ಮನೆಯವರಿಗೆ ಹೊಂದಿಕೆಯಾಗದೆ ಅದು ಹಿಂದಿರುಗಿ ಬಂದರೆ ಮತ್ತೆ ಇಟ್ಟುಕೊಳ್ಳಲು ಸಾಧ್ಯವೇ ಎಂಬುದನ್ನೂ ಸಂಸ್ಥೆಗೆ ಆಗಲೇ ತಿಳಿಸಬೇಕು. ಅನಂತರ ಕೋಣೆಯನ್ನು ತೊಳೆದು, ಬ್ಲೀಚ್ ನೀರು ನಿಲ್ಲಿಸಿ, ಹಾಸಿದ ರಟ್ಟನ್ನು ಹೊರಹಾಕಿ, ಬಿಸಿಲಿಗೆ ಒಣಗಿಸಿದರೆ ಮುಂದಿನ ಪ್ರಾಣಿಗೆ ಜಾಗ ಸಿದ್ಧವಾಗುತ್ತದೆ. ಆದರೆ ಆ ಮನೆಯಲ್ಲಿ ಪಾರ್ವೊ ಬಂದಿದ್ದರೆ, ವಿಶೇಷವಾಗಿ ಮರಿ ಮಣ್ಣಿನ ಅಂಗಳದಲ್ಲಿ ಓಡಾಡಿದ್ದರೆ, ಒಂದು ವರ್ಷದವರೆಗೆ ಲಸಿಕೆಯಾಗದ ನಾಯಿಮರಿಗಳನ್ನು ಅಲ್ಲಿಗೆ ತರಬಾರದು. ಆ ಅವಧಿಯಲ್ಲಿ ಲಸಿಕೆ ಪೂರ್ಣಗೊಂಡ ವಯಸ್ಕ ನಾಯಿಯೊಂದನ್ನು ಕರೆತರಬಹುದು.